ಅಂಗಿ ಕಾಣದ ಜಾಹೀರಾತು

ಫೋರ್ಟಿನ ಕಡೆ ಕೆಲಸವಿರುವ ನಮ್ಮವರಿಗೆ ಫ್ಲೋರಾ ಫೌಂಟನ್ನಿನ ಫುಟ್‌ಪಾಥಿನ ಮೇಲೆ ಹರಡಿಕೊಂಡಿರುವ ಹಳೆಯ ಪುಸ್ತಕಗಳ ರಾಶಿಯ ಪರಿಚಯ ಇದ್ದೇ ಇರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿಯನ್ನು ಬೇಗ ಬೇಗ ಮುಗಿಸಿ, ಉಳಿದ ಕಾಲು ಗಂಟೆಯನ್ನು ಅಲ್ಲಿ ಕಳೆದು ಬರುವುದು ನಮ್ಮ ಬಹುಕಾಲದ ಚಟ. ಕೊಳ್ಳುವುದು ಕಡಿಮೆ, ತಿರುವಿ ಹಾಕುವುದೇ ಹೆಚ್ಚು. ಅಂಗಡಿಯವನಿಗೂ ಇದು ಗೊತ್ತು. ನಮ್ಮನ್ನು ಕಂಡರೆ ಅವನು ಎದ್ದೇಳುವುದೂ ಇಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ, ಪ್ಲಾಸ್ಟಿಕ್ ಹಾಳೆ ಹೊದಿಸಿದ ರಾಶಿಯ ಅಡಿಯಿಂದ ೧೯೯೨ರ ಒಂದು ವಿದೇಶೀ ಪತ್ರಿಕೆ ಕೈಗೆ ಬಂತು. ಅದರಲ್ಲಿ ಎರಡು ಪುಟ ತುಂಬ ಒಂದೇ ಚಿತ್ರ. ಮಂಚದ ಮೇಲೆ ಎಲುಬಿನ ಗೂಡಾದ ಒಬ್ಬ ಯುವಕ. ಕಣ್ಣು ತೆರೆದಿದೆ, ಆದರೆ ನೋಟ ಈ ಲೋಕದ್ದಲ್ಲ. ತಂದೆ ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದು ಅಳುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಹೆಂಗಸು ಒಂದು ಚಿಕ್ಕ ಹುಡುಗಿಯನ್ನು ತಬ್ಬಿ ಕುಳಿತಿದ್ದಾಳೆ. ಮೂಲೆಯಲ್ಲಿ ಹಸುರು ಬಣ್ಣದ ಒಂದು ಸಣ್ಣ ಚೌಕ, ಅದರಲ್ಲಿ ಬಿಳಿಯ ಅಕ್ಷರಗಳು. ಬೇರೆ ಒಂದು ಮಾತೂ ಇಲ್ಲ. ಐವತ್ತು ರೂಪಾಯಿ ಕೊಟ್ಟು ಪತ್ರಿಕೆಯನ್ನು ಮನೆಗೆ ತಂದೆವು.

ನಮ್ಮ ಮನೆಯಾಕೆ ಒಗ್ಗರಣೆಯ ಸೌಟು ಹಿಡಿದೇ ಬಂದು ನೋಡಿದಳು.

"ಇದೇನು, ಆಸ್ಪತ್ರೆಯ ಚಿತ್ರವೆ?"

"ಅಲ್ಲ, ಸ್ವೆಟರಿನ ಜಾಹೀರಾತು."

"ಸ್ವೆಟರ್ ಎಲ್ಲಿದೆ?"

ನಾವು ಪುಟವನ್ನು ಹಿಂದೆ ಮುಂದೆ ತಿರುವಿದೆವು. ಸ್ವೆಟರ್ ಎಲ್ಲಿಯೂ ಇರಲಿಲ್ಲ. ಅವಳು ಇನ್ನೊಮ್ಮೆ ಚಿತ್ರವನ್ನು ನೋಡಿ, ಏನೂ ಹೇಳದೆ ಒಳಗೆ ಹೋದಳು. ಈ ಲೇಖನಕ್ಕೆ ಅವಳ ಆ ಒಂದು ಪ್ರಶ್ನೆಯೇ ಮೂಲ. ಉತ್ತರ ಹುಡುಕುತ್ತ ಹೋದಂತೆ ನಮಗೆ ದೊರೆತದ್ದನ್ನು ವಾಚಕರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಹಸುರು ಚೌಕದ ಒಡೆಯರು ಇಟಲಿಯ ಬೆನೆಟನ್ ಮನೆತನದವರು. ಮುಂಬಯಿ ಬೆಂಗಳೂರುಗಳ ದೊಡ್ಡ ಮಳಿಗೆಗಳಲ್ಲಿ ಅವರ ಅಂಗಡಿಯನ್ನು ನೀವೂ ಕಂಡಿರಬಹುದು, ಬೆಲೆಯ ಚೀಟಿ ನೋಡಿ ನಮ್ಮಂತೆ ಹಿಂದಿರುಗಿರಲೂಬಹುದು. ವೆನಿಸ್ ನಗರಕ್ಕೆ ಸಮೀಪದ ತ್ರೆವೀಜೊ ಅವರ ಸೀಮೆ. ತಂದೆ ಬೇಗ ತೀರಿಕೊಂಡು, ಹಿರಿಯ ಮಗ ಲುಚಾನೊ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಬಟ್ಟೆಯಂಗಡಿಗೆ ಕೆಲಸಕ್ಕೆ ಸೇರಿದ. ತಂಗಿ ಜೂಲಿಯಾನಾ ಹೆಣಿಗೆಯಲ್ಲಿ ಜಾಣೆ. ಅಣ್ಣ ತನ್ನ ಅಕಾರ್ಡಿಯನ್ ವಾದ್ಯವನ್ನೂ ತಮ್ಮನ ಬೈಸಿಕಲ್ಲನ್ನೂ ಮಾರಿ ಅವಳಿಗೊಂದು ಹೆಣಿಗೆಯ ಯಂತ್ರ ತಂದುಕೊಟ್ಟನೆಂದು ಹೇಳುತ್ತಾರೆ. ೧೯೬೫ರಲ್ಲಿ ಅಣ್ಣ ತಮ್ಮ ತಂಗಿ ನಾಲ್ವರೂ ಸೇರಿ ಕಂಪನಿ ಸ್ಥಾಪಿಸಿದರು.

ಅವರ ಏಳಿಗೆಯ ಗುಟ್ಟು ಜಾಹೀರಾತಲ್ಲ, ಬಣ್ಣದ ಕಡಾಯಿ. ಉಳಿದವರು ಮೊದಲು ನೂಲಿಗೆ ಬಣ್ಣ ಹಾಕಿ ಆಮೇಲೆ ಹೆಣೆಯುತ್ತಿದ್ದರು. ಈ ವರ್ಷ ಕೆಂಪು ಹೋಗುತ್ತದೆಂದು ಕೆಂಪು ಹೆಣೆದಿಟ್ಟರೆ ಪೇಟೆಯಲ್ಲಿ ಜನ ನೀಲಿ ಕೇಳುತ್ತಿದ್ದರು. ಬೆನೆಟನ್ನರು ಬಣ್ಣವಿಲ್ಲದ ನೂಲಿನಲ್ಲಿ ಸ್ವೆಟರನ್ನು ಪೂರ್ತಿ ಹೆಣೆದಿಟ್ಟುಕೊಂಡು, ಪೇಟೆಯ ಮರ್ಜಿ ತಿಳಿದ ಮೇಲೆ ಅದ್ದಿ ತೆಗೆಯುವ ಪದ್ಧತಿ ಹಿಡಿದರು. ಹೆಣೆಯುವ ಹೊಲಿಯುವ ಕೆಲಸವನ್ನೆಲ್ಲ ಸುತ್ತಲಿನ ಹಳ್ಳಿಗಳ ಸಣ್ಣ ಸಣ್ಣ ಕಾರಖಾನೆಗಳಿಗೆ ಹಂಚಿಬಿಟ್ಟರು. ಹೀಗೆ ಹೊರಗೆ ಹಂಚುವ ಪದ್ಧತಿಯ ಮಾತು ಮುಂದೆ ಇನ್ನೊಮ್ಮೆ ಬರಲಿದೆ, ವಾಚಕರು ನೆನಪಿಟ್ಟುಕೊಳ್ಳಬೇಕು.

೧೯೮೨ರಲ್ಲಿ ಒಲಿವಿಯೆರೊ ತೋಸ್ಕಾನಿ ಎಂಬ ಛಾಯಾಗ್ರಾಹಕ ಇವರ ಜೊತೆ ಸೇರಿದ. ಅವನ ತಂದೆ ಮಿಲಾನಿನ ಪತ್ರಿಕೆಯೊಂದರ ಛಾಯಾಗ್ರಾಹಕ. ಮಗನಿಗೆ ಸುದ್ದಿಯ ಚಿತ್ರದ ರುಚಿ ಮನೆಯಿಂದಲೇ ಬಂದದ್ದು. ಮೊದಮೊದಲು ಅವನ ಜಾಹೀರಾತುಗಳು ಯಾರಿಗೂ ತೊಂದರೆ ಕೊಡುವಂಥವಾಗಿರಲಿಲ್ಲ. ಕಪ್ಪು, ಬಿಳಿ, ಹಳದಿ ಮೈಬಣ್ಣದ ಹುಡುಗ ಹುಡುಗಿಯರು ಬಣ್ಣಬಣ್ಣದ ಸ್ವೆಟರ್ ತೊಟ್ಟು ಹೆಗಲ ಮೇಲೆ ಕೈ ಹಾಕಿಕೊಂಡು ನಗುವುದು, ಅಷ್ಟೇ. ಸ್ವೆಟರಿನ ಬಣ್ಣವೂ ಮನುಷ್ಯರ ಬಣ್ಣವೂ ಒಂದೇ ಮಾತಿನಲ್ಲಿ ಅಡಗಿದವು. ವ್ಯಾಪಾರಕ್ಕೂ ಒಳ್ಳೆಯದು, ಲೋಕಕ್ಕೂ ಒಳ್ಳೆಯದು, ಯಾರು ಬೇಡವೆಂದಾರು?

೧೯೮೯ರಿಂದ ಸ್ವೆಟರ್ ಚಿತ್ರದಿಂದ ಜಾರತೊಡಗಿತು. ಆ ವರ್ಷ ಬಂದ ಚಿತ್ರದಲ್ಲಿ ಕಪ್ಪು ಹೆಂಗಸೊಬ್ಬಳು ಬಿಳಿಯ ಶಿಶುವಿಗೆ ಮೊಲೆಯುಣಿಸುತ್ತಿದ್ದಳು. ಮುಖ ಕಾಣದು, ಎದೆ ಮತ್ತು ಕೂಸು ಮಾತ್ರ. ಯೂರೋಪಿನಲ್ಲಿ ಅದಕ್ಕೆ ಬಹುಮಾನಗಳು ಬಂದವು. ಅಮೆರಿಕದ ಕಪ್ಪು ಜನ ಮಾತ್ರ ಕೆರಳಿದರು. ಒಡೆಯರ ಮಕ್ಕಳಿಗೆ ಹಾಲೂಡಿಸಿ ತಮ್ಮ ಮಕ್ಕಳನ್ನು ಬರಿ ಬಾಯಲ್ಲಿ ಮಲಗಿಸಬೇಕಾಗಿದ್ದ ಗುಲಾಮಗಿರಿಯ ಅಜ್ಜಿಯರ ನೆನಪು ಅವರಿಗಾಯಿತು. ಆ ದೇಶದಲ್ಲಿ ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಂದೇ ಚಿತ್ರ ಒಂದು ನೆಲದಲ್ಲಿ ಪ್ರೀತಿಯಾಗಿ, ಮತ್ತೊಂದರಲ್ಲಿ ಹಳೆಯ ಗಾಯವಾಗಿ ಕಾಣುತ್ತದೆ. ಊರು ಬಿಟ್ಟು ಬೇರೆ ಊರಲ್ಲಿ ಬದುಕುವ ನಮಗೆ ಇದು ತಿಳಿಯದ ಸಂಗತಿಯೇನಲ್ಲ. ನಮ್ಮೂರಿನಲ್ಲಿ ಸಲಿಗೆಯಾದದ್ದು ಇಲ್ಲಿ ಅವಮಾನವಾದ ಉದಾಹರಣೆಗಳು ಎಲ್ಲರ ಮನೆಯಲ್ಲಿಯೂ ಉಂಟು.

೧೯೯೧ರಲ್ಲಿ ಪಾದ್ರಿಯೊಬ್ಬ ಸನ್ಯಾಸಿನಿಗೆ ಮುತ್ತಿಡುವ ಚಿತ್ರ ಬಂದು ಇಗರ್ಜಿಯವರ ಕೋಪಕ್ಕೆ ಗುರಿಯಾಯಿತು. ಅದೇ ವರ್ಷ ಆಗತಾನೆ ಹುಟ್ಟಿದ, ಹೊಕ್ಕುಳ ಬಳ್ಳಿಯನ್ನೂ ಕತ್ತರಿಸದ, ರಕ್ತ ಮೆತ್ತಿದ ಕೂಸಿನ ಚಿತ್ರ ರಸ್ತೆಯ ಗೋಡೆಗಳ ಮೇಲೆ ಬಂತು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಲಿಗೆ ಎಂಟುನೂರಕ್ಕೂ ಹೆಚ್ಚು ದೂರುಗಳು ಬಂದವಂತೆ. ನಾವೆಲ್ಲರೂ ಹೀಗೆಯೇ ಹುಟ್ಟಿದವರು, ಆದರೂ ನೋಡಲಾರೆವು. ಎರಡನೆಯದಕ್ಕೆ ದೂರು ಕೊಟ್ಟವರ ಬಗ್ಗೆ ನಮಗೆ ಅಷ್ಟೇನೂ ಸಹಾನುಭೂತಿಯಿಲ್ಲ.

ಇನ್ನು ನಾವು ಕೊಂಡು ತಂದ ಚಿತ್ರಕ್ಕೆ ಬರೋಣ. ಆ ಯುವಕನ ಹೆಸರು ಡೇವಿಡ್ ಕರ್ಬಿ. ಅಮೆರಿಕದ ಒಹಾಯೊ ಪ್ರಾಂತದವನು. ಏಡ್ಸ್ ಪೀಡಿತರಿಗಾಗಿ ದುಡಿದವನು, ತಾನೂ ಅದೇ ರೋಗಕ್ಕೆ ತುತ್ತಾದವನು. ಮನೆಯವರಿಂದ ದೂರವಾಗಿದ್ದವನು ಕೊನೆಗಾಲಕ್ಕೆ ಅವರ ಬಳಿಗೇ ಮರಳಿದ. ೧೯೯೦ರಲ್ಲಿ ಕೊಲಂಬಸ್ ನಗರದ ಒಂದು ಆಶ್ರಯಧಾಮದಲ್ಲಿ, ೩೨ನೆಯ ವಯಸ್ಸಿನಲ್ಲಿ ತೀರಿಕೊಂಡ. ಚಿತ್ರ ತೆಗೆದವಳು ತೆರೀಸ್ ಫ್ರೇರ್ ಎಂಬ ವಿದ್ಯಾರ್ಥಿನಿ. ಆ ವರ್ಷದ ನವೆಂಬರಿನಲ್ಲಿ ಲೈಫ್ ಪತ್ರಿಕೆ ಅದನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಮಾಡಿತು. ಆಗ ಅದು ಸುದ್ದಿಯ ಚಿತ್ರ; ಕಂಡವರು ಕಣ್ಣೀರಿಟ್ಟರು, ಪ್ರಶಸ್ತಿಯೂ ಬಂತು. ಒಂದೂವರೆ ವರ್ಷದ ಮೇಲೆ ತೋಸ್ಕಾನಿ ಅದಕ್ಕೆ ಬಣ್ಣ ತುಂಬಿಸಿ ಮೂಲೆಯಲ್ಲಿ ಹಸುರು ಚೌಕ ಇಟ್ಟ. ಆಗ ಅದು ಜಾಹೀರಾತು, ಕಂಡವರು ಕೂಗೆಬ್ಬಿಸಿದರು. ಚಿತ್ರದಲ್ಲಿ ಏಸುವಿನ ಶವವನ್ನು ಮಡಿಲಲ್ಲಿಟ್ಟುಕೊಂಡ ಮೇರಿಯ ಛಾಯೆಯಿದೆಯೆಂದು ಧರ್ಮಗುರುಗಳು ಮುನಿದರು. ಏಡ್ಸ್ ಪೀಡಿತರ ಪರವಾಗಿ ಕೆಲಸ ಮಾಡುವವರೂ ಮುನಿದರು: ಸಾಯುವವನನ್ನು ತೋರಿಸಿ ಸ್ವೆಟರ್ ಮಾರುವುದೆ? ಈ ರೋಗದಿಂದ ಬದುಕಿಕೊಳ್ಳುವ ದಾರಿಯ ಬಗ್ಗೆ ಒಂದು ಸಾಲಾದರೂ ಬೇಡವೆ? ಬ್ರಿಟನ್ನಿನ ಕೆಲವು ಹೆಂಗಸರ ಪತ್ರಿಕೆಗಳು ಅದನ್ನು ಅಚ್ಚು ಮಾಡಲು ಒಪ್ಪಲಿಲ್ಲ.

ಡೇವಿಡ್ಡನ ತಂದೆತಾಯಿಗಳು ಮಾತ್ರ ಒಪ್ಪಿದ್ದರು. ಕಂಪನಿ ನಮ್ಮನ್ನು ಬಳಸಿಕೊಂಡಿಲ್ಲ, ನಾವೇ ಕಂಪನಿಯನ್ನು ಬಳಸಿಕೊಂಡಿದ್ದೇವೆ, ನಮ್ಮ ಮಗನ ಸ್ಥಿತಿ ಜಗತ್ತಿಗೆ ಕಾಣಲಿ ಎಂಬ ಅರ್ಥದ ಮಾತನ್ನು ತಂದೆ ಹೇಳಿದ. ಆ ಕಾಲದಲ್ಲಿ ಏಡ್ಸ್ ಬಂದವರನ್ನು ಮುಟ್ಟಲು ಹೆದರುತ್ತಿದ್ದರೆಂಬುದನ್ನು ನೆನೆದರೆ, ತಂದೆ ಮಗನ ತಲೆಯನ್ನು ತಬ್ಬಿ ಹಿಡಿದ ಆ ಎರಡು ಕೈಗಳೇ ಒಂದು ಉಪದೇಶದಂತಿವೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ತಂದೆಯ ಒಪ್ಪಿಗೆಯ ಮುಂದೆ ಉಳಿದವರ ಆಕ್ಷೇಪಗಳ ತೂಕ ಸ್ವಲ್ಪ ಕಡಿಮೆಯೇ. ಆದರೆ ಹಸುರು ಚೌಕ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ ಒಮ್ಮೆ, ತೆರೆದು ಒಮ್ಮೆ ನೋಡಿದೆವು. ಎರಡೂ ಒಂದೇ ಚಿತ್ರವಲ್ಲ.

ಇದೇ ಹೆಬ್ಬೆರಳಿನ ಪ್ರಶ್ನೆ ಜರ್ಮನಿಯಲ್ಲಿ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿಯ ಸ್ಟೆರ್ನ್ ಪತ್ರಿಕೆಯಲ್ಲಿ ಬಂದ ಮೂರು ಜಾಹೀರಾತುಗಳ ಮೇಲೆ ವ್ಯಾಜ್ಯ: ಎಣ್ಣೆಯಲ್ಲಿ ಮುಳುಗೆದ್ದ ಒಂದು ಬಾತುಕೋಳಿ, ಕೂಲಿ ಮಾಡುವ ಬಡ ಮಕ್ಕಳು, ಮತ್ತು ‘ಎಚ್.ಐ.ವಿ. ಪಾಸಿಟಿವ್’ ಎಂದು ಮುದ್ರೆಯೊತ್ತಿದ ಮನುಷ್ಯನ ಬೆನ್ನಿನ ಕೆಳಭಾಗ. ಪರರ ದುಃಖವನ್ನು ತೋರಿಸಿ ಗಿರಾಕಿಯ ಮನಸ್ಸನ್ನು ಕಲಕಿ ಲಾಭ ಮಾಡಿಕೊಳ್ಳುವುದು ಅನ್ಯಾಯದ ಸ್ಪರ್ಧೆಯೆಂದು ೧೯೯೫ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ಹೇಳಿತು. ಪತ್ರಿಕೆಯವರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. ೨೦೦೦ದ ಡಿಸೆಂಬರ್ ೧೨ರಂದು ಆ ನ್ಯಾಯಾಲಯ ತೀರ್ಪನ್ನು ಹೊಡೆದುಹಾಕಿತು. ಕೆಳಗಿನವರು ಮೂರನೆಯ ಚಿತ್ರದ ವಿಷಯದಲ್ಲಿ ಮತ್ತೆ ಪಟ್ಟು ಹಿಡಿಯಲು, ೨೦೦೩ರ ಮಾರ್ಚ್ ೧೧ರಂದು ಮೇಲಿನವರು ಮತ್ತೆ ಹೊಡೆದುಹಾಕಿದರು. ಅವರ ತೀರ್ಪಿನ ಒಂದು ವಿಚಾರ ನಮ್ಮನ್ನು ಬಹಳ ಹಿಡಿದು ನಿಲ್ಲಿಸಿತು. ಪ್ರಜೆಯ ಮನಸ್ಸು ಲೋಕದ ಸಂಕಟದ ಭಾರವಿಲ್ಲದೆ ಹಗುರವಾಗಿರಲಿ ಎಂಬುದಕ್ಕಾಗಿ ಸರಕಾರ ಯಾರ ಮೂಲಭೂತ ಹಕ್ಕನ್ನೂ ಮೊಟಕು ಮಾಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ವರ್ಷಗಟ್ಟಲೆ ಸರಕಾರಿ ಕಡತ ನೋಡಿದವರು ನಾವು; ಇಂಥ ವಾಕ್ಯ ಕಡತಗಳಲ್ಲಿ ದಿನವೂ ಸಿಗುವುದಿಲ್ಲ.

ಫ್ರಾನ್ಸಿನಲ್ಲಿ ಆದದ್ದು ಇದಕ್ಕೆ ವಿರುದ್ಧ. ಆ ಮುದ್ರೆಯಿಂದ ತಮಗೆ ಅವಮಾನವಾಯಿತೆಂದು ರೋಗಪೀಡಿತರೇ ದಾವೆ ಹೂಡಿದ್ದರಿಂದ, ೧೯೯೫ರಲ್ಲಿ ಕಂಪನಿ ಪರಿಹಾರ ತೆರಬೇಕೆಂದು ಪ್ಯಾರಿಸಿನ ನ್ಯಾಯಾಲಯ ಹೇಳಿತು. ಎರಡೂ ತೀರ್ಪು ಸರಿಯೆಂದು ನಮಗೆ ತೋರುತ್ತದೆ. ಇದು ತರ್ಕಕ್ಕೆ ನಿಲ್ಲದೆಂದು ವಕೀಲ ಮಿತ್ರರು ಹೇಳಿಯಾರು, ಹೇಳಲಿ.

ನಡುವೆ ಒಂದು ವಿನೋದ. ಹಳೆಯ ಬಟ್ಟೆಗಳನ್ನು ಬಡವರಿಗಾಗಿ ಕೂಡಿಸುವ ಕಾರ್ಯಕ್ಕೆ ೧೯೯೩ರಲ್ಲಿ ಲುಚಾನೊ ಬೆನೆಟನ್ ತಾನೇ ಮೈಮೇಲೆ ನೂಲೆಳೆಯಿಲ್ಲದೆ ನಿಂತು, ನನ್ನ ಬಟ್ಟೆ ನನಗೆ ಕೊಡಿ ಎಂದು ಜಾಹೀರಾತಿನಲ್ಲಿ ಕೇಳಿದ. ಆಗ ಆತ ಇಟಲಿಯ ಸಂಸತ್ತಿನ ಸದಸ್ಯ. ನಮ್ಮ ದೇಶದ ಸಂಸತ್ತನ್ನು ಕಲ್ಪಿಸಿಕೊಳ್ಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆವು.

ಇಬ್ಬರ ಜೊತೆ ಮುರಿದದ್ದು ೨೦೦೦ದಲ್ಲಿ. ಅಮೆರಿಕದ ಸೆರೆಮನೆಗಳಲ್ಲಿ ಮರಣದಂಡನೆಗಾಗಿ ಕಾದಿದ್ದ ಕೈದಿಗಳ ಮುಖಗಳನ್ನು ತೋಸ್ಕಾನಿ ಜಾಹೀರಾತಿಗೆ ತಂದ. ಮರಣದಂಡನೆ ಕೂಡದೆಂಬುದು ಅವನ ವಾದ, ಗೌರವದ ವಾದವೇ. ಆದರೆ ಆ ಕೈದಿಗಳು ಯಾರನ್ನು ಕೊಂದರೆಂಬುದಕ್ಕೆ ಅಲ್ಲಿ ಸ್ಥಳವಿರಲಿಲ್ಲ. ಸತ್ತವರ ಮನೆಯವರು ಬೀದಿಗೆ ಬಂದರು. ಸಿಯರ್ಸ್ ಎಂಬ ದೊಡ್ಡ ಅಂಗಡಿಯವರು ಬೆನೆಟನ್ ಮಾಲನ್ನು ಕೈಬಿಟ್ಟರು. ಸುಳ್ಳು ಹೇಳಿ ಸೆರೆಮನೆಯೊಳಗೆ ಬಂದರೆಂದು ಮಿಸೌರಿ ರಾಜ್ಯ ದಾವೆ ಹೂಡಿತು. ೨೦೦೧ರಲ್ಲಿ ಕಂಪನಿ ಕ್ಷಮೆಯ ಪತ್ರ ಬರೆದು, ಅಪರಾಧಕ್ಕೆ ಬಲಿಯಾದವರ ನಿಧಿಗೆ ೫೦,೦೦೦ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ತೋಸ್ಕಾನಿ ಹದಿನೆಂಟು ವರ್ಷದ ನಂಟು ಬಿಟ್ಟು ಹೊರಬಿದ್ದಿದ್ದ. ಗಿರಾಕಿಯ ಮನಸ್ಸು ನೊಂದಾಗ ಅಲುಗದ ಕಂಪನಿ ಗಲ್ಲಾಪೆಟ್ಟಿಗೆ ನೊಂದಾಗ ಅಲುಗಿತೆಂದು ಯಾರಾದರೂ ಅಂದರೆ ನಾವು ತಕರಾರು ಮಾಡುವುದಿಲ್ಲ.

ಮುಂದಿನ ಸಂಗತಿ ಜಾಹೀರಾತಿನದಲ್ಲ. ೨೦೧೩ರ ಏಪ್ರಿಲ್ ೨೪ರಂದು ಢಾಕಾ ನಗರದ ಬಳಿಯ ಸಾವರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಒಳಗೆ ಗಾರ್ಮೆಂಟ್ ಕಾರಖಾನೆಗಳು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಹೊಲಿಯುವವರನ್ನು ಒಳಗೆ ಕರೆದಿದ್ದರು. ಸತ್ತವರು ೧,೧೩೪ ಜನ, ಬಹುಪಾಲು ಹೆಂಗಸರು. ಅವಶೇಷಗಳ ಚಿತ್ರಗಳಲ್ಲಿ ಧೂಳು ಮೆತ್ತಿದ ಒಂದು ಅಂಗಿಯ ಕೊರಳಪಟ್ಟಿಯಲ್ಲಿ ಹಸುರು ಚೌಕ ಕಂಡಿತು. ಅಲ್ಲಿ ನಮ್ಮ ಮಾಲು ಹೊಲಿಯುತ್ತಿರಲಿಲ್ಲವೆಂದು ಕಂಪನಿ ಮೊದಲು ಹೇಳಿತು. ಆಮೇಲೆ, ಭಾರತದ ಸರಬರಾಜುದಾರನೊಬ್ಬ ತಾನು ಹಿಡಿದ ಕೆಲಸವನ್ನು ಅಲ್ಲಿಗೆ ಹಂಚಿದ್ದನೆಂದು ಒಪ್ಪಿಕೊಂಡಿತು. ೨೦೧೫ರಲ್ಲಿ ಪರಿಹಾರ ನಿಧಿಗೆ ೧೧ ಲಕ್ಷ ಡಾಲರ್ ಕೊಟ್ಟಿತು. ತೋಸ್ಕಾನಿ ಇದ್ದ ಕಾಲದಲ್ಲಿ ಇಂಥ ಚಿತ್ರ ಬೇರೆ ಯಾರದೋ ಕಾರಖಾನೆಯದಾಗಿ ಸಿಕ್ಕಿದ್ದರೆ, ಮೂಲೆಯಲ್ಲಿ ಚೌಕವಿಟ್ಟು ಗೋಡೆಗೆ ಹಚ್ಚುತ್ತಿದ್ದನೋ ಏನೋ. ಇಲ್ಲಿ ಚೌಕ ತಾನಾಗಿಯೇ ಚಿತ್ರದೊಳಗೆ ಇತ್ತು.

ಅವನ ಉಳಿದ ಕಥೆ ಚಿಕ್ಕದು. ೨೦೧೭ರಲ್ಲಿ ಮತ್ತೆ ಕರೆಸಿಕೊಂಡರು. ೨೦೧೮ರ ಆಗಸ್ಟ್ ೧೪ರಂದು ಜಿನೋವಾ ನಗರದ ಮೊರಾಂದಿ ಸೇತುವೆ ಬಿದ್ದು ೪೩ ಜನ ಸತ್ತರು. ಆ ಹೆದ್ದಾರಿಯನ್ನು ನಡೆಸುತ್ತಿದ್ದ ಸಂಸ್ಥೆಯಲ್ಲಿ ಬೆನೆಟನ್ ಮನೆತನದ ಹಿಡಿತವಿತ್ತು. ೨೦೨೦ರಲ್ಲಿ ರೇಡಿಯೋದಲ್ಲಿ ಆ ಸೇತುವೆಯ ಬಗ್ಗೆ ತೋಸ್ಕಾನಿ ಉಡಾಫೆಯ ಮಾತಾಡಿ, ಕ್ಷಮೆ ಕೇಳಿದರೂ ಕೆಲಸ ಕಳೆದುಕೊಂಡ. ೨೦೨೫ರ ಜನವರಿ ೧೩ರಂದು ತೀರಿಕೊಂಡ.

ಬಟ್ಟೆಯಲ್ಲಿ ರಾಜಕೀಯ ನಮ್ಮ ದೇಶಕ್ಕೆ ಹೊಸದೇನಲ್ಲ. ೧೯೨೧ರ ಜುಲೈ ೩೧ರಂದು ಇದೇ ಮುಂಬಯಿಯ ಪರೇಲಿನಲ್ಲಿ ಗಾಂಧೀಜಿ ವಿದೇಶೀ ಬಟ್ಟೆಯ ರಾಶಿಗೆ ಬೆಂಕಿಯಿಟ್ಟರು. ಯಾವ ಜಾಹೀರಾತೂ ಅದಕ್ಕೆ ಸಮನಾಗದು. ರಾಷ್ಟ್ರಧ್ವಜದ ಖಾದಿಗೆ ನಮ್ಮ ಹುಬ್ಬಳ್ಳಿಯ ಬೆಂಗೇರಿ ಹೆಸರಾದದ್ದು ಧಾರವಾಡ ಸೀಮೆಯ ವಾಚಕರಿಗೆ ಹೇಳಬೇಕಾಗಿಲ್ಲ. ಈಚಿನ ದಿನಗಳಲ್ಲಿ ಇಲ್ಲಿಯ ವ್ಯಾಪಾರಿಗಳೂ ತೋಸ್ಕಾನಿಯ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟು ನೋಡಿದರು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಟೈಟನ್ ಕಂಪನಿಯ ತನಿಷ್ಕ್ ಆಭರಣದವರು ೨೦೧೩ರಲ್ಲಿ, ಮಗಳಿರುವ ಹೆಂಗಸು ಎರಡನೆಯ ಮದುವೆಯಾಗುವುದನ್ನು ತೋರಿಸಿ ಮೆಚ್ಚುಗೆ ಪಡೆದರು. ೨೦೨೦ರ ಅಕ್ಟೋಬರಿನಲ್ಲಿ, ಮುಸಲ್ಮಾನರ ಮನೆಗೆ ಬಂದ ಹಿಂದೂ ಸೊಸೆಗೆ ಅತ್ತೆ ಸೀಮಂತ ಮಾಡುವುದನ್ನು ತೋರಿಸಿದಾಗ ಬಹಿಷ್ಕಾರದ ಕೂಗೆದ್ದು, ಅಂಗಡಿಗಳ ನೌಕರರ ಕ್ಷೇಮದ ಕಾರಣ ಹೇಳಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಗಮನಿಸಿ: ಜಾಹೀರಾತು ಬರೆದವನ ಕ್ಷೇಮವಲ್ಲ, ಗಾಜಿನ ಬಾಗಿಲ ಹಿಂದೆ ಸಂಬಳಕ್ಕೆ ನಿಂತಿರುವವನ ಕ್ಷೇಮ.

ಸಂಬಳಕ್ಕೆ ನಿಂತವರ ಮಾತು ಬಂದದ್ದರಿಂದ ನಮ್ಮ ಚಿಕ್ಕಪ್ಪನ ಮಗಳ ವಿಷಯ ಹೇಳಬೇಕು. ಕನಕಪುರದ ಕಡೆಯ ಹುಡುಗಿ, ಎಸ್.ಎಸ್.ಎಲ್.ಸಿ. ಮುಗಿಸಿದವಳು. ಹದಿನಾಲ್ಕು ವರ್ಷದಿಂದ ಬೆಂಗಳೂರಿನ ಬೊಮ್ಮನಹಳ್ಳಿಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಕೂಡಿಸುವ ಕೆಲಸ. ಅಂಗಿಯ ಉಳಿದ ಭಾಗ ಅವಳಿಗೆ ಸಂಬಂಧಿಸಿದ್ದಲ್ಲ; ಒಂದೊಂದು ಬ್ಯಾಚಿಗೂ ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕವಿದೆ, ತಪ್ಪಿದರೆ ಸೂಪರ್‌ವೈಸರನ ಬಾಯಿ. ೨೦೧೬ರ ಏಪ್ರಿಲಿನಲ್ಲಿ, ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು ೫೮ ವರ್ಷದ ತನಕ ತೆಗೆಯಕೂಡದೆಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಹೊಸೂರು ರಸ್ತೆಯಲ್ಲಿ ಕುಳಿತಾಗ ಇವಳೂ ಕುಳಿತಿದ್ದಳು. ಎರಡೇ ದಿನದಲ್ಲಿ ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ನಮ್ಮ ಕಚೇರಿಯಲ್ಲಿ ಅದೇ ನಿಯಮದ ಸುತ್ತೋಲೆಯನ್ನು ನಾವು ಕಡತಕ್ಕೆ ಹಚ್ಚಿ ಸುಮ್ಮನಿದ್ದೆವು. ಅವಳು ಬಿಸಿಲಲ್ಲಿ ಕುಳಿತಳು, ನಾವು ಫ್ಯಾನಿನ ಕೆಳಗೆ. ಅವಳ ಚಿತ್ರ ತೆಗೆದು ಯಾವ ಬಟ್ಟೆಯ ಕಂಪನಿಯೂ ಗೋಡೆಗೆ ಹಚ್ಚಲಿಲ್ಲ.

ದೀಪಾವಳಿಯ ರಜೆಯಲ್ಲಿ ಅವಳು ಮುಂಬಯಿ ನೋಡಲು ಬಂದಿದ್ದಳು. ನಮ್ಮ ಮಗನಿಗೆಂದು ಒಂದು ಅಂಗಿ ತಂದಿದ್ದಳು. ಎಲ್ಲಿಯೋ ಒಂದು ಹೊಲಿಗೆ ಜಾರಿದ್ದಕ್ಕೆ ರಫ್ತಿಗೆ ಹೋಗದೆ ಉಳಿದ ಮಾಲು, ಬೆಂಗಳೂರಿನ ಪೇಟೆಯಲ್ಲಿ ಅಗ್ಗಕ್ಕೆ ಸಿಗುವಂಥದು. ರಾತ್ರಿ ಊಟವಾದ ಮೇಲೆ ಆ ಪತ್ರಿಕೆಯನ್ನು ಅವಳ ಮುಂದಿಟ್ಟು ಕಥೆಯೆಲ್ಲ ಹೇಳಿದೆವು. ಬಹಳ ಹೊತ್ತು ನೋಡಿದಳು.

"ಇವರಮ್ಮ ಇದನ್ನ ಹಾಕೋಕೆ ಒಪ್ಪಿದ್ರಾ ಅಣ್ಣ?"

"ಒಪ್ಪಿದ್ದರಂತೆ."

"ಹಂಗಾದ್ರೆ ಸರಿ ಬಿಡು," ಎಂದಳು. ಸ್ವಲ್ಪ ತಡೆದು, "ಅವನ ಅಂಗಿ ಯಾರು ಹೊಲಿದಿದ್ರೋ," ಎಂದಳು.

ನಮಗೆ ಅದು ಹೊಳೆದೇ ಇರಲಿಲ್ಲ. ಪತ್ರಿಕೆಯನ್ನು ಮತ್ತೆ ಹತ್ತಿರ ಹಿಡಿದು ನೋಡಿದೆವು. ಅಷ್ಟರಲ್ಲಿ ಅವಳು ನಮ್ಮ ಮಗನ ಹೊಸ ಅಂಗಿಯನ್ನು ಒಳಮೈ ಹೊರಮಾಡಿ, ಕಾಲರಿನ ಸುತ್ತ ಬೆರಳಾಡಿಸಿ, ನಮ್ಮಾಕೆಯನ್ನು ಕೂಗಿದಳು.

"ಅತ್ತಿಗೆ, ಮೊದಲನೇ ಸಲ ಉಪ್ಪು ನೀರಲ್ಲಿ ಬೇರೆಯಾಗಿ ನೆನೆಸಿ. ಇದು ಬಣ್ಣ ಬಿಡುತ್ತೆ."